ಅಲರ್ಜಿಗೆ ಮೂಗುದಾರ ಹಾಕುವ ಪ್ರೋಟೀನ್‌ಗಳು

(ರೋಗಿಗಳ ಹಾಗೂ ಜೊತೆಯಲ್ಲಿರುವವರ ತಿಳಿವಳಿಕೆಗಾಗಿ)

ಮಳೆ ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಆಸ್ಪತ್ರೆಗಳಲ್ಲಿ ಸೀನು, ಕೆಮ್ಮು, ದಮ್ಮಿನವರ ಸಾಲು ಉದ್ದವಾಗುತ್ತದೆ. ಅಡಿಕೆ ಕೊನೆಕೊಯ್ಲು ಶುರುವಾದ ಮೇಲೆ ಸುಲಿಯುವ ಮನೆಗಳಿಂದ ಇನ್ನೊಂದು ಗುಂಪು ಬರುತ್ತದೆ. ಬೇಸಿಗೆಯಲ್ಲಿ ಜೇನು ಕಚ್ಚಿಸಿಕೊಂಡವರು, ಕಾಡುಮರದ ಸೊನೆ ತಾಗಿ ಮೈ ಊದಿಸಿಕೊಂಡವರು ಬರುತ್ತಾರೆ. ಇವರೆಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಕೇಳುವ ಪ್ರಶ್ನೆ ಒಂದೇ: "ಅದೇ ಮನೆ, ಅದೇ ಧೂಳು, ನಮ್ಮ ಯಜಮಾನರಿಗೆ ಏನೂ ಆಗಲ್ಲ. ನನಗೆ ಮಾತ್ರ ಯಾಕೆ ಸಿಸ್ಟರ್?"

ಇದಕ್ಕೆ ಊರಿನಲ್ಲಿ ಸಿಗುವ ಸಾಮಾನ್ಯ ಉತ್ತರ, "ನಿಮಗೆ ರೋಗನಿರೋಧಕ ಶಕ್ತಿ ಕಡಿಮೆ" ಎಂಬುದು. ಅದನ್ನು ನಂಬಿ ಟಾನಿಕ್ಕಿಗೆ, ಡಬ್ಬಿ ಪುಡಿಗೆ ದುಡ್ಡು ಹಾಕುವವರೂ ಇದ್ದಾರೆ. ಆದರೆ ಅಲರ್ಜಿ ಇರುವವರ ರೋಗನಿರೋಧಕ ಶಕ್ತಿ ಸಾಮಾನ್ಯವಾಗಿ ಸೋತಿರುವುದಿಲ್ಲ. ಅದು ಬೇಡದ ಕಡೆ ಜೋರು ಮಾಡುತ್ತಿರುತ್ತದೆ, ಅಷ್ಟೆ. ಎತ್ತಿಗೆ ಬಲವಿದ್ದರೆ ಸಾಲದು, ಮೂಗುದಾರವೂ ಬೇಕಲ್ಲವೇ? ನಮ್ಮ ಮೈಯಲ್ಲಿ ಆ ಮೂಗುದಾರದ ಕೆಲಸ ಮಾಡುವ ಕೆಲವು ಪ್ರೋಟೀನ್‌ಗಳಿವೆ. ಅವುಗಳ ಬಗ್ಗೆ ತಿಳಿದುಕೊಂಡರೆ, ವೈದ್ಯರು ನಿಮಗೆ ಬರೆದುಕೊಡುವ ಔಷಧಿಗಳಲ್ಲಿ ಯಾವುದನ್ನು ದಿನಾ ತೆಗೆದುಕೊಳ್ಳಬೇಕು, ಯಾವುದು ಆಪತ್ತಿಗೆ ಎಂಬುದು ತಾನಾಗಿಯೇ ಅರ್ಥವಾಗುತ್ತದೆ.

ಅಲರ್ಜಿ ಹೇಗೆ ಶುರುವಾಗುತ್ತದೆ?

ನಮ್ಮ ಹಾಸಿಗೆ, ದಿಂಬು, ಕಂಬಳಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳುನುಸಿಗಳಿರುತ್ತವೆ. ಅವು ನೀರು ಕುಡಿಯುವುದಿಲ್ಲ, ಗಾಳಿಯಲ್ಲಿರುವ ತೇವವನ್ನೇ ಹೀರಿ ಬದುಕುತ್ತವೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುತ್ತದೆ, ಹುಲಿಕಲ್ ಕೂಡ ಅದೇ ಸಾಲಿನದು. ಇಂಥ ಸೀಮೆಯಲ್ಲಿ ನುಸಿಗೂ ಬೂಷ್ಟಿಗೂ ಯಾವ ಕೊರತೆಯೂ ಇಲ್ಲ. ನುಸಿಯ ಹಿಕ್ಕೆಯಲ್ಲಿರುವ ಒಂದು ಪ್ರೋಟೀನ್ ಉಸಿರಿನ ಜೊತೆ ಒಳಗೆ ಹೋದಾಗ, ಕೆಲವರ ಬಿಳಿರಕ್ತಕಣಗಳು ಅದನ್ನು ಶತ್ರು ಎಂದು ಗುರುತಿಟ್ಟುಕೊಳ್ಳುತ್ತವೆ. ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಾಗುತ್ತದೆ. ಈ ಪ್ರತಿಕಾಯವನ್ನು ಇಶಿಜಾಕಾ ಎಂಬ ಜಪಾನಿ ದಂಪತಿ ಅಮೆರಿಕದಲ್ಲಿ 1966ರ ಹೊತ್ತಿಗೆ ಪತ್ತೆ ಮಾಡಿದರು.

ಐಜಿಇ ಹೋಗಿ ಮಾಸ್ಟ್ ಕಣಗಳೆಂಬ ಕಣಗಳ ಮೈಮೇಲೆ ಅಂಟಿಕೊಂಡು ಕಾಯುತ್ತಿರುತ್ತದೆ. ಮುಂದಿನ ಸಲ ಅದೇ ವಸ್ತು ಬಂದು ತಾಗಿದ ಕೂಡಲೇ ಮಾಸ್ಟ್ ಕಣಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಸುರಿಯುತ್ತವೆ. ಮೂಗಿನಲ್ಲಾದರೆ ಸೀನು, ಚರ್ಮದಲ್ಲಾದರೆ ಪಿತ್ತಗಂಧೆ, ಶ್ವಾಸನಾಳದಲ್ಲಾದರೆ ಉಬ್ಬಸ. ಇದು ನಿಮಿಷಗಳ ಆಟ. ಆದರೆ ಇದಾದ ಕೆಲವು ಗಂಟೆಗಳ ಮೇಲೆ ಇನ್ನಷ್ಟು ಬಿಳಿರಕ್ತಕಣಗಳು ಅಲ್ಲಿಗೆ ಬಂದು ಸೇರುತ್ತವೆ, ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ಇದಕ್ಕೆ ಉರಿಯೂತ ಎನ್ನುತ್ತೇವೆ. ದಮ್ಮಿನವರಿಗೆ ನಿಜವಾಗಿ ತೊಂದರೆ ಕೊಡುವುದು ಈ ಎರಡನೆಯದು. ಕೆಮ್ಮು ನಿಂತಿದ್ದರೂ ಶ್ವಾಸನಾಳದ ಒಳಗೋಡೆಯಲ್ಲಿ ಅದು ಕೆಂಡದ ಹಾಗೆ ಬೂದಿಯ ಕೆಳಗೆ ಇದ್ದೇ ಇರುತ್ತದೆ.

ಮೂಗುದಾರ ಹಿಡಿಯುವವರು

ನಿಮ್ಮ ಯಜಮಾನರಿಗೆ ಏನೂ ಆಗುವುದಿಲ್ಲ ಎಂದರೆ ಅವರ ಮೂಗಿಗೆ ನುಸಿಯ ಪ್ರೋಟೀನ್ ಹೋಗುವುದಿಲ್ಲ ಎಂದಲ್ಲ. ಹೋಗುತ್ತದೆ. ಅವರ ಬಿಳಿರಕ್ತಕಣಗಳೂ ಅದನ್ನು ನೋಡುತ್ತವೆ. ಆದರೆ ಅವರಲ್ಲಿ ನಿಯಂತ್ರಕ ಟಿ-ಕಣಗಳು ಎಂಬ ಒಂದು ಗುಂಪು ಉಳಿದ ಕಣಗಳಿಗೆ "ಇದು ಶತ್ರುವಲ್ಲ, ಸುಮ್ಮನಿರಿ" ಎಂದು ಹೇಳುತ್ತದೆ. ಈ ಕಣಗಳನ್ನು ಜಪಾನಿನ ಶಿಮೊನ್ ಸಕಗುಚಿ 1995ರಲ್ಲಿ ಗುರುತಿಸಿದರು. ಅವು ಸರಿಯಾಗಿ ಬೆಳೆಯಲು ಬೇಕಾದ ಫಾಕ್ಸ್‌ಪಿ-3 ಎಂಬ ಪ್ರೋಟೀನಿನ ಜೀನನ್ನು 2001ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಸಂಗಡಿಗರು ಕಂಡುಹಿಡಿದರು. ಈ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಹುಮಾನ ಬಂದದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಫಾಕ್ಸ್‌ಪಿ-3 ಕೆಟ್ಟು ಹುಟ್ಟುವ ಗಂಡುಶಿಶುಗಳು ಬಹಳ ಅಪರೂಪ. ಆದರೆ ಆ ಕೂಸುಗಳಿಗೆ ಮೈತುಂಬ ಇಸಬು, ಆಹಾರದ ಅಲರ್ಜಿ, ನಿಲ್ಲದ ಭೇದಿ, ರಕ್ತದಲ್ಲಿ ಐಜಿಇ ವಿಪರೀತ ಏರಿಕೆ ಎಲ್ಲವೂ ಒಟ್ಟಿಗೆ ಬರುತ್ತವೆ. ಮೂಗುದಾರವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಿಯಂತ್ರಕ ಕಣಗಳು ಬಾಯಲ್ಲಿ ಮಾತಾಡಲಾರವು, ಪ್ರೋಟೀನ್ ಮೂಲಕ ಮಾತಾಡುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಇಂಟರ್‌ಲ್ಯೂಕಿನ್-10. ಇದು ಅಲರ್ಜಿಯನ್ನು ಕೆರಳಿಸುವ ಇತರ ಸಂದೇಶಗಳನ್ನು ತಗ್ಗಿಸುತ್ತದೆ, ಮಾಸ್ಟ್ ಕಣಗಳನ್ನು ತಣ್ಣಗಿಡುತ್ತದೆ. ಐಜಿಇ ಬದಲು ಐಜಿಜಿ-4 ಎಂಬ ಸೌಮ್ಯ ಪ್ರತಿಕಾಯ ತಯಾರಾಗುವಂತೆ ನೋಡಿಕೊಳ್ಳುತ್ತದೆ. ಈ ಐಜಿಜಿ-4 ಅಲರ್ಜಿ ತರುವ ವಸ್ತುವನ್ನು ದಾರಿಯಲ್ಲೇ ಹಿಡಿದುಬಿಡುವುದರಿಂದ ಅದು ಮಾಸ್ಟ್ ಕಣದವರೆಗೆ ಮುಟ್ಟುವುದು ಕಡಿಮೆಯಾಗುತ್ತದೆ. ಇನ್ನೊಂದು ಪ್ರೋಟೀನ್ ಟಿಜಿಎಫ್-ಬೀಟಾ. ಇದು ಹೊಸ ನಿಯಂತ್ರಕ ಕಣಗಳು ಹುಟ್ಟಲು ಸಹಾಯ ಮಾಡುತ್ತದೆ. ತಾಯಿಯ ಗಿಣ್ಣುಹಾಲಿನಲ್ಲೂ ಇದು ಇದೆ. ಬಾಣಂತಿಯರಿಗೆ ಮೊದಲ ಹಾಲನ್ನು ಚೆಲ್ಲಬೇಡಿ ಎಂದು ನಾವು ಹೇಳುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ಆದರೆ ಎಲ್ಲವೂ ಹದದಲ್ಲಿದ್ದರೇ ಚೆಂದ. ಉರಿಯೂತ ವರ್ಷಗಟ್ಟಲೆ ಉಳಿದರೆ ಇದೇ ಟಿಜಿಎಫ್-ಬೀಟಾ ಶ್ವಾಸನಾಳದ ಗೋಡೆಯನ್ನು ಗಾಯದ ಕಲೆಯ ಹಾಗೆ ದಪ್ಪ ಮಾಡಿಬಿಡುತ್ತದೆ. ಹಾಗೆ ದಪ್ಪವಾದ ಗೋಡೆ ಸುಲಭವಾಗಿ ಹಿಂದಿನಂತಾಗುವುದಿಲ್ಲ.

"ಹಾಗಾದರೆ ಪ್ರೋಟೀನ್ ಪುಡಿ ಕುಡಿದರೆ ಆಯಿತಲ್ಲ?" ಎಂದು ಕೇಳುವವರಿದ್ದಾರೆ. ಕುಡಿದ ಪುಡಿ, ತಿಂದ ಬೇಳೆ ಎಲ್ಲವೂ ಹೊಟ್ಟೆಯಲ್ಲಿ ಜೀರ್ಣವಾಗಿ ಚೂರಾಗುತ್ತವೆ. ಮೈಗೆ ಒಳ್ಳೆಯದೇ, ಆದರೆ ಈ ಪ್ರೋಟೀನ್‌ಗಳು ಅದರಿಂದ ನೇರವಾಗಿ ಬರುವುದಿಲ್ಲ. ಇಂಟರ್‌ಲ್ಯೂಕಿನ್-10 ಅನ್ನೇ ಇಂಜೆಕ್ಷನ್ ಆಗಿ ಕೊಟ್ಟು ನೋಡುವ ಪ್ರಯೋಗ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ರೋಗಿಗಳ ಮೇಲೆ ನಡೆದಿತ್ತು, ನಿರೀಕ್ಷಿಸಿದ ಗುಣ ಸಿಗಲಿಲ್ಲ. ಅದು ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ನಮ್ಮ ಮೈಯಲ್ಲೇ ಹುಟ್ಟಬೇಕು.

ಜೇನು ಸಾಕುವವರಿಂದ ಕಲಿತ ಪಾಠ

ನಮ್ಮ ಕಡೆ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಡುವ ಮನೆಗಳು ಎಷ್ಟೋ ಇವೆ. ಪೆಟ್ಟಿಗೆ ತೆಗೆದು ಅಭ್ಯಾಸವಿರುವವರನ್ನು ಗಮನಿಸಿ. ಜೇನು ಕಚ್ಚಿದರೂ ಮುಳ್ಳನ್ನು ಕೆರೆದು ತೆಗೆದು ಕೆಲಸ ಮುಂದುವರಿಸುತ್ತಾರೆ, ಹೆಚ್ಚು ಊತವೂ ಬರುವುದಿಲ್ಲ. ಅದೇ ಮನೆಗೆ ಬಂದ ನೆಂಟರಿಗೆ ಒಂದು ಕಚ್ಚಿದರೂ ಕೈ ಮೊಣಕೈವರೆಗೆ ಬಾತುಕೊಳ್ಳುತ್ತದೆ.

ಇದರ ಗುಟ್ಟನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು ಅಲ್ಲಿಯ ಜೇನು ಸಾಕಣೆದಾರರ ರಕ್ತ ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಜೇನಿನ ಕಾಲ ಶುರುವಾಗಿ ಕಡಿತಗಳು ಬೀಳತೊಡಗಿದ ಕೆಲವೇ ದಿನಗಳಲ್ಲಿ ಅವರ ಟಿ-ಕಣಗಳು ಜಗಳದ ಸಂದೇಶ ಬಿಟ್ಟು ಇಂಟರ್‌ಲ್ಯೂಕಿನ್-10 ಸುರಿಸತೊಡಗಿದ್ದವು. ಕಡಿತ ಇರುವವರೆಗೂ ಹಾಗೆಯೇ ಇತ್ತು. ಕಾಲ ಮುಗಿದು ಎರಡು ಮೂರು ತಿಂಗಳಾದ ಮೇಲೆ ಎಲ್ಲ ಮೊದಲಿನಂತಾಯಿತು. ಅಂದರೆ ಮೂಗುದಾರ ಒಮ್ಮೆ ಹಾಕಿದರೆ ಮುಗಿಯಲಿಲ್ಲ, ಹಿಡಿದುಕೊಂಡೇ ಇರಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್‌ಹೇಲರ್ ವಿಷಯದಲ್ಲಿ ಬೇಕಾಗುತ್ತದೆ.

ಹಾಗೆಂದು ಅಭ್ಯಾಸವಾಗಲಿ ಎಂದು ಯಾರೂ ಜೇನು ಕಚ್ಚಿಸಿಕೊಳ್ಳಬೇಡಿ. ಜೇನು ಸಾಕುವ ಮನೆಗಳಲ್ಲೂ ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ಮಾತ್ರ ಕಚ್ಚಿಸಿಕೊಳ್ಳುವವರಲ್ಲೇ ಅಲರ್ಜಿ ಹೆಚ್ಚು. ಅಲರ್ಜಿ ತರುವ ವಸ್ತುವನ್ನು ಅಳತೆ ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಕೊಡುವ ಚಿಕಿತ್ಸೆ ಬೇರೆಯೇ ಇದೆ. ಲಂಡನ್ನಿನ ಲಿಯೊನಾರ್ಡ್ ನೂನ್ 1911ರಲ್ಲಿ ಹುಲ್ಲಿನ ಪರಾಗದ ಅಲರ್ಜಿಗೆ ಇದನ್ನು ಮೊದಲು ಮಾಡಿ ತೋರಿಸಿದರು. ಇಂದು ನುಸಿಯ ಅಲರ್ಜಿಗೂ ದೊಡ್ಡ ಊರುಗಳ ಅಲರ್ಜಿ ತಜ್ಞರಲ್ಲಿ ಇದು ದೊರೆಯುತ್ತದೆ. ಮೂರರಿಂದ ಐದು ವರ್ಷ ಹಿಡಿಯುತ್ತದೆ, ಪ್ರತಿ ಇಂಜೆಕ್ಷನ್ ಆದ ಮೇಲೂ ಅರ್ಧ ಗಂಟೆ ಅಲ್ಲೇ ಕೂರಬೇಕು. ಖರ್ಚು, ಓಡಾಟ ಎರಡೂ ಇರುವುದರಿಂದ ಎಲ್ಲರಿಗೂ ಹೇಳುವುದಿಲ್ಲ. ಬೇಕೋ ಬೇಡವೋ ವೈದ್ಯರನ್ನೇ ಕೇಳಿ.

ಕೊಟ್ಟಿಗೆ ಒಳ್ಳೆಯದೋ ಕೆಟ್ಟದ್ದೋ?

ದನಕರುಗಳ ನಡುವೆ ಬೆಳೆದ ಮಕ್ಕಳಲ್ಲಿ ದಮ್ಮು ಕಡಿಮೆ ಎಂಬುದು ಯುರೋಪಿನ ಹಳ್ಳಿಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಬೆಲ್ಜಿಯಂನ ಘೆಂಟ್ ನಗರದ ಸಂಶೋಧಕರು 2015ರಲ್ಲಿ ಇದಕ್ಕೊಂದು ಕಾರಣ ತೋರಿಸಿದರು. ಕೊಟ್ಟಿಗೆಯ ಧೂಳಿನಲ್ಲಿರುವ ಬ್ಯಾಕ್ಟೀರಿಯಾ ಚೂರುಗಳು ಸ್ವಲ್ಪ ಸ್ವಲ್ಪವಾಗಿ ಉಸಿರಿಗೆ ಸೇರುತ್ತಿದ್ದರೆ ಶ್ವಾಸನಾಳದ ಒಳಪದರದಲ್ಲಿ ಎ-20 ಎಂಬ ಉರಿಯೂತ ಶಮನ ಮಾಡುವ ಪ್ರೋಟೀನ್ ಹೆಚ್ಚುತ್ತದೆ. ಅಂಥ ಧೂಳು ಕುಡಿಸಿದ ಇಲಿಗಳಿಗೆ ಆಮೇಲೆ ನುಸಿಯಿಂದ ದಮ್ಮು ಬರಲಿಲ್ಲ. ಶ್ವಾಸನಾಳದ ಎ-20 ತೆಗೆದುಹಾಕಿದ ಇಲಿಗಳಿಗೆ ಮಾತ್ರ ಆ ರಕ್ಷಣೆ ಸಿಗಲಿಲ್ಲ.

ಆದ್ದರಿಂದ ಆರೋಗ್ಯವಾಗಿರುವ ಮಗು ಕೊಟ್ಟಿಗೆಗೆ ಹೋದರೆ, ಕರುವನ್ನು ಮುದ್ದಿಸಿದರೆ ಬೈಯಬೇಕಾಗಿಲ್ಲ. ಹಸಿಹಾಲು ಮಾತ್ರ ಕುಡಿಸಬೇಡಿ, ಕಾಯಿಸಿಯೇ ಕೊಡಿ. ಆದರೆ ಈಗಾಗಲೇ ದಮ್ಮು ಇರುವವರ ಲೆಕ್ಕ ಬೇರೆ. ಅವರು ಕೊಟ್ಟಿಗೆ ಗುಡಿಸುವುದು, ಬೂಷ್ಟು ಹಿಡಿದ ಹುಲ್ಲು ಉದುರಿಸುವುದು, ಒಣ ದರಕು ಹೊರುವುದು, ಅಡಿಕೆ ಸುಲಿದ ಸಿಪ್ಪೆ ಎತ್ತುವುದನ್ನು ಮನೆಯ ಬೇರೆಯವರಿಗೆ ಬಿಡಬೇಕು. ನಮ್ಮಲ್ಲಿ ಈ ಕೆಲಸಗಳು ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತವೆ. ಜೊತೆಗೆ ಬಂದ ಗಂಡಸರು ಈ ಸಾಲನ್ನು ಎರಡು ಸಲ ಓದಲಿ ಎಂದು ನನ್ನ ಕೋರಿಕೆ. ಮಾಡಲೇಬೇಕಾದರೆ ಮೂಗು ಬಾಯಿ ಮುಚ್ಚುವ ಮಾಸ್ಕ್ ಕಟ್ಟಿಕೊಳ್ಳಿ, ನೀರು ಚಿಮುಕಿಸಿ ಗುಡಿಸಿ. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಕಂಬಳಿ ಒಣಗಿಸುವವರು ಅದರ ಹೊಗೆ ರೋಗಿಯ ಕೋಣೆಗೆ ಬಾರದಂತೆ ನೋಡಿಕೊಳ್ಳಿ. ದಿಂಬಿನ ಗವಸು, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ, ಬಿಸಿಲು ಕಂಡ ದಿನ ಹಾಸಿಗೆ ಹೊರಗೆ ಹಾಕಿ.

ಇನ್‌ಹೇಲರ್ ಒಳಗೆ ಏನಿದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ದಮ್ಮಿನವರಿಗೆ ಕೊಡುವ ತಡೆ ಇನ್‌ಹೇಲರ್‌ನಲ್ಲಿ ಬುಡೆಸೊನೈಡ್ ಅಥವಾ ಅದೇ ಜಾತಿಯ ಸ್ಟಿರಾಯ್ಡ್ ಇರುತ್ತದೆ. ಸ್ಟಿರಾಯ್ಡ್ ಎಂದ ಕೂಡಲೇ ಮುಖ ಸಪ್ಪಗಾಗುತ್ತದೆ. "ಪಂಪು ಹೊಡೆದುಕೊಂಡರೆ ಚಟವಾಗುತ್ತಂತಲ್ಲ ಸಿಸ್ಟರ್?" ಎಂಬ ಮಾತು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ.

ಸ್ಟಿರಾಯ್ಡ್ ನಮ್ಮ ಮೈಗೆ ಹೊರಗಿನದಲ್ಲ. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕುಳಿತಿರುವ ಅಡ್ರಿನಲ್ ಗ್ರಂಥಿ ದಿನಾ ಬೆಳಿಗ್ಗೆ ಅದೇ ಜಾತಿಯ ಕಾರ್ಟಿಸೋಲನ್ನು ತಯಾರಿಸುತ್ತದೆ. ಇನ್‌ಹೇಲರ್‌ನ ಔಷಧಿ ಶ್ವಾಸನಾಳದ ಕಣದೊಳಗೆ ಹೋಗಿ, ಅಲ್ಲಿಯ ಜೀನುಗಳಿಗೆ ಅಪ್ಪಣೆ ಕೊಟ್ಟು, ಅನೆಕ್ಸಿನ್-1 ಮುಂತಾದ ಉರಿಯೂತ ಶಮನ ಮಾಡುವ ಪ್ರೋಟೀನ್‌ಗಳನ್ನು ತಯಾರಿಸುತ್ತದೆ. ಕೆರಳಿಸುವ ಸಂದೇಶಗಳ ತಯಾರಿಕೆಯನ್ನು ನಿಲ್ಲಿಸುತ್ತದೆ. ಅಂದರೆ ನೀವು ಸೇದುವುದು ಮೂಗುದಾರವನ್ನಲ್ಲ, ಮೂಗುದಾರ ಹೊಸೆಯುವ ಕೆಲಸಗಾರನನ್ನು. ಹೊಸೆಯಲು ಹೊತ್ತು ಬೇಕು. ಅದಕ್ಕೇ ಸೇದಿದ ಕೂಡಲೇ ಏನೂ ಗೊತ್ತಾಗುವುದಿಲ್ಲ, ಪೂರ್ತಿ ಗುಣ ಕಾಣಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. "ಏನೂ ಗುಣವಿಲ್ಲ" ಎಂದು ಮೂರನೇ ದಿನಕ್ಕೆ ನಿಲ್ಲಿಸುವವರು, "ಆರಾಮಾಯಿತು" ಎಂದು ಮೂರನೇ ವಾರಕ್ಕೆ ನಿಲ್ಲಿಸುವವರು, ಇಬ್ಬರೂ ಮುಂದಿನ ಜಡಿಮಳೆಗೆ ವಾಪಸು ಬರುತ್ತಾರೆ.

ನೀಲಿ ಬಣ್ಣದ ಸಾಲ್ಬುಟಮಾಲ್ ಪಂಪು ಹಾಗಲ್ಲ. ಬಿಗಿದ ಶ್ವಾಸನಾಳವನ್ನು ನಿಮಿಷಗಳಲ್ಲಿ ಸಡಿಲ ಮಾಡುತ್ತದೆ, ಆದರೆ ಉರಿಯೂತವನ್ನು ಮುಟ್ಟುವುದಿಲ್ಲ. ಬರೀ ಅದನ್ನೇ ನಂಬಿಕೊಂಡು ವರ್ಷ ಕಳೆಯುವುದು ಅಪಾಯ. 2019ರಿಂದ ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿಯೂ ಅದೊಂದರಿಂದಲೇ ಚಿಕಿತ್ಸೆ ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ನೀಲಿ ಪಂಪು ಬೇಕಾಗುತ್ತಿದ್ದರೆ, ರಾತ್ರಿ ದಮ್ಮಿನಿಂದ ಎಚ್ಚರವಾಗುತ್ತಿದ್ದರೆ, ಮುಂದಿನ ತಾರೀಖಿಗೆ ಕಾಯದೆ ಬಂದು ತೋರಿಸಿ.

ಪ್ರಮಾಣದ ಭಯ ಇರುವವರಿಗೆ ಒಂದು ಲೆಕ್ಕ. ಇನ್‌ಹೇಲರ್‌ನ ಒಂದು ಸೇದುವಿಕೆಯಲ್ಲಿ ಸಾಮಾನ್ಯವಾಗಿ 100ರಿಂದ 200 ಮೈಕ್ರೋಗ್ರಾಂ ಬುಡೆಸೊನೈಡ್ ಇರುತ್ತದೆ. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. ದಮ್ಮು ಜೋರಾದಾಗ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆಯಾದರೋ ದಿನಕ್ಕೆ 30, 40 ಮಿಲಿಗ್ರಾಂ, ಅದೂ ಇಡೀ ಮೈಗೆ. ಎರಡೂ ಔಷಧಿಗಳ ಬಲ ಬೇರೆ ಬೇರೆ, ನಿಜ. ಆದರೂ ದಿನಾ ಒಂದಿಷ್ಟು ಸೇದಿ ಮಾತ್ರೆಯ ಕಾಲ ಬಾರದಂತೆ ನೋಡಿಕೊಳ್ಳುವುದೇ ಮೈಗೆ ಹಗುರ. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಅಗ್ರ ಬರಬಹುದು. ಪುಡಿ ತುಂಬಿದ ಕ್ಯಾಪ್ಸೂಲ್ ಕೊಟ್ಟಿದ್ದರೆ ಅದನ್ನು ಯಂತ್ರದಲ್ಲಿ ಹಾಕಿ ಸೇದಬೇಕೇ ಹೊರತು ನುಂಗಬಾರದು. ನಗಬೇಡಿ, ನುಂಗಿದವರು ಇದ್ದಾರೆ. ಮನೆಗೆ ಹೋಗುವ ಮೊದಲು ನಮ್ಮ ಎದುರು ಒಮ್ಮೆ ಸೇದಿ ತೋರಿಸಿ.

ಇನ್ನು ಪೇಟೆಯಲ್ಲಿ, ಸಂತೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ದಮ್ಮಿನ ಪುಡಿ. ಒಂದೇ ದಿನಕ್ಕೆ ಎದೆ ಹಗುರವಾಗಿ, ಹಸಿವೆ ಹೆಚ್ಚಿ, ತಿಂಗಳೊಳಗೆ ಮುಖ ದುಂಡಗಾದರೆ ಆ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆತಿರುವ ಅನುಮಾನ ಪಡಬೇಕು. ಎಷ್ಟು ಬೆರೆತಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಬಹಳ ದಿನ ಅದನ್ನು ತಿಂದವರ ಅಡ್ರಿನಲ್ ಗ್ರಂಥಿ ಕೆಲಸ ಮರೆತು ಕುಳಿತಿರುತ್ತದೆ. ಅಂಥವರು ತಟ್ಟನೆ ನಿಲ್ಲಿಸಿದರೆ ವಾಂತಿ, ಸುಸ್ತಾಗಿ, ರಕ್ತದೊತ್ತಡ ಇಳಿದು ಜೀವಕ್ಕೇ ಸಂಚಕಾರ ಬರಬಹುದು. ಆದ್ದರಿಂದ ಮುಚ್ಚಿಡದೆ ಪೊಟ್ಟಣವನ್ನು ತಂದು ತೋರಿಸಿ, ಯಾರೂ ಬೈಯುವುದಿಲ್ಲ. ಹಂತಹಂತವಾಗಿ ಬಿಡಿಸುವ ದಾರಿ ವೈದ್ಯರಿಗೆ ಗೊತ್ತು.

ಸೊನೆ, ಉಣುಗು: ಎರಡು ಮಾತು

ಹೊಳೆಗೇರು ಮುಂತಾದ ಗೇರಿನ ಜಾತಿಯ ಕಾಡುಮರಗಳ ಸೊನೆ ತಾಗಿದರೆ ಬರುವ ಗುಳ್ಳೆಗಳು ಐಜಿಇ ಅಲರ್ಜಿಯಲ್ಲ. ಅದು ಟಿ-ಕಣಗಳ ನೇರ ಜಗಳ, ಒಂದೆರಡು ದಿನ ತಡವಾಗಿ ಏಳುತ್ತದೆ. ಅದಕ್ಕೇ ಸೊಪ್ಪಿಗೆ ಹೋದದ್ದು ಸೋಮವಾರ, ಮುಖ ಊದುವುದು ಬುಧವಾರ. ತಾಗಿದ ಕೂಡಲೇ ಸಾಬೂನು ಹಾಕಿ ತೊಳೆಯಿರಿ, ಉಟ್ಟ ಬಟ್ಟೆಯನ್ನೂ ಒಗೆಯಿರಿ. ಉಣುಗು ಕಚ್ಚಿದ ಜಾಗದಲ್ಲಿ ತುರಿಕೆ ಬಂದರೆ ಹೆದರಬೇಕಾಗಿಲ್ಲ. ಆದರೆ ಕಾಡಿಗೆ ಹೋಗಿ ಬಂದ ಕೆಲವು ದಿನಗಳಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದನ್ನು ಅಲರ್ಜಿ ಎಂದು ತಳ್ಳಿಹಾಕಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯ ಪರೀಕ್ಷೆ ಆಗಬೇಕು.

ಮೂಗುದಾರ ಹರಿದಾಗ

ಜೇನು ಅಥವಾ ಕಣಜ ಕಚ್ಚಿದ ಮೇಲೆ, ಯಾವುದೋ ಮಾತ್ರೆ, ಇಂಜೆಕ್ಷನ್ ಅಥವಾ ಆಹಾರದ ನಂತರ ಮೈತುಂಬ ಗಂಧೆ ಎದ್ದು, ಜೊತೆಗೆ ಉಸಿರು ಕಟ್ಟುವುದು, ದನಿ ಒಡೆಯುವುದು, ತುಟಿ ನಾಲಿಗೆ ಊದುವುದು, ವಾಂತಿ, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ ಅದು ತುರ್ತು. ಕೆಲವರಿಗೆ ಗಂಧೆಯೇ ಏಳದೆ ಕಣ್ಣು ಕತ್ತಲೆ ಬಂದು ಬೀಳುವುದೂ ಉಂಟು. ಇಲ್ಲಿ ಶಮನ ಮಾಡುವ ಪ್ರೋಟೀನ್‌ಗಳನ್ನು ಕಾಯುವಷ್ಟು ಸಮಯವಿಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ ಕೂಡ ಕೆಲಸ ತೋರಿಸಲು ಗಂಟೆಗಳು ಬೇಕು, ಏಕೆಂದು ಮೇಲೆ ಓದಿದ್ದೀರಿ. ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಅದು ನಿಮಿಷಗಳಲ್ಲಿ ರಕ್ತದೊತ್ತಡ ಏರಿಸಿ, ಶ್ವಾಸನಾಳ ತೆರೆದು, ಮಾಸ್ಟ್ ಕಣಗಳ ಬಾಯಿ ಕಟ್ಟುತ್ತದೆ. ಬರೀ ಪಿತ್ತಗಂಧೆಯಾದರೆ ಮುರುಗಲ ಸಿಪ್ಪೆಯ ನೀರು ಕುಡಿಯಿರಿ, ಬೇಡ ಎನ್ನುವುದಿಲ್ಲ. ಉಸಿರಿಗೆ ಬಂದಾಗ ಅದನ್ನು ಕದಡುತ್ತಾ ಕೂರಬೇಡಿ.

ಜೇನಿನ ಮುಳ್ಳನ್ನು ಉಗುರಿನಿಂದ ಕೆರೆದು ತಕ್ಷಣ ತೆಗೆಯಿರಿ, ತಡವಾದಷ್ಟೂ ವಿಷ ಇಳಿಯುತ್ತದೆ. ಸುಣ್ಣ ಹುಡುಕುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವುದು ತಡವಾಗುವ ಜಾಗವಾದರೆ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ, ಅದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೂ ಸರಿ. ತುಮರಿ ಕಡೆಯವರು 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೂ ಲಾಂಚ್ ಕಾಯಬೇಕಿತ್ತು, ಈಗ ಆ ಕಷ್ಟ ತಪ್ಪಿದೆ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಒರಗಿ ಕೂರಿಸಿ, ಆದರೆ ಎಬ್ಬಿಸಿ ನಡೆಸಬೇಡಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಬರುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ರಕ್ತದೊತ್ತಡದ ಮಾತ್ರೆ ತಿನ್ನುವವರಾದರೆ ಚೀಟಿ ತನ್ನಿ. ಅವುಗಳಲ್ಲಿ ಕೆಲವು ಅಡ್ರಿನಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಹೆಜ್ಜೇನಿನ ದಾಳಿಯಲ್ಲಿ ಹತ್ತಾರು, ನೂರಾರು ಮುಳ್ಳು ಬಿದ್ದಿದ್ದರೆ ಅಲರ್ಜಿ ಇಲ್ಲದವರೂ ಬರಲೇಬೇಕು. ಅಷ್ಟು ವಿಷವೇ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು.

ಇಂಜೆಕ್ಷನ್ ಆಗಿ ಅರ್ಧ ಗಂಟೆಗೆ ರೋಗಿ ಎದ್ದು ಕೂತು ಮಾತಾಡತೊಡಗುತ್ತಾರೆ. ಆಗ "ನಗರದ ಕಡೆ ಕೊನೆ ಬಸ್ಸು ತಪ್ಪುತ್ತದೆ, ಕಳಿಸಿಕೊಡಿ" ಎಂದು ಜೊತೆಯವರು ಅವಸರ ಮಾಡುತ್ತಾರೆ. ದಯವಿಟ್ಟು ಉಳಿಯಿರಿ. ಕೆಲವರಲ್ಲಿ ಮೊದಲ ಅಲೆ ಇಳಿದ ಕೆಲವು ಗಂಟೆಗಳ ನಂತರ, ಮತ್ತೆ ಯಾವುದೂ ಕಚ್ಚದಿದ್ದರೂ, ಎರಡನೇ ಅಲೆ ಬರುತ್ತದೆ. ವೈದ್ಯರು ರಾತ್ರಿ ಇಲ್ಲೇ ಇರಿ ಎಂದು ಹೇಳುವುದು ಅದಕ್ಕಾಗಿ. ಜೊತೆಗೆ ಒಬ್ಬರಾದರೂ ಇರಿ, ಮನೆಗೆ ಫೋನ್ ಮಾಡಿ ಹೇಳಿ. ರೋಗಿಗೆ ಮತ್ತೆ ತುರಿಕೆ ಶುರುವಾದರೆ ಅಥವಾ ದನಿ ಬದಲಾದರೆ ಎಷ್ಟು ಹೊತ್ತಾಗಿದ್ದರೂ ಸಿಸ್ಟರನ್ನು ಎಬ್ಬಿಸಿ.